ಅಡ್ಡಹೆಸರು ಏನ್ರಿ?

ಜಾತಿ ಕೇಳುವುದು ತಪ್ಪು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಹಾಗಾಗಿ ಯಾರನ್ನೂ ಜಾತಿ ಕೇಳುವುದಿಲ್ಲ. ಅಡ್ಡಹೆಸರು ಕೇಳುತ್ತೇನೆ.

ನಮ್ಮ ಕಡೆ ಇದು ಊಟ ಆಯಿತೇ ಎನ್ನುವಷ್ಟೇ ಸಹಜವಾದ ಪ್ರಶ್ನೆ. ಗೋಕಾಕದಲ್ಲಿ ಬಸ್ಸು ಹತ್ತಿದರೆ ಊರ ಹೊರಗೆ ಬರುವುದರೊಳಗೆ ಬಾಜೂ ಕೂತವರು ಕೇಳಿರುತ್ತಾರೆ. ನಮ್ಮ ಮನೆತನದ ಅಡ್ಡಹೆಸರುಗಳಾದರೂ ಎಂಥವು! ಬೆಲ್ಲದ, ತುಪ್ಪದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಒಂದು ಲಗ್ನಪತ್ರಿಕೆ ಓದಿದರೆ ಅರ್ಧ ಅಡುಗೆ ಆದಂತೆ. ಇವುಗಳ ಮೂಲ ಹುಡುಕುವುದು ನನ್ನ ಹವ್ಯಾಸ ಎಂದು ಎಲ್ಲರಿಗೂ ಹೇಳಿಕೊಂಡಿದ್ದೇನೆ. ಹವ್ಯಾಸ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹೋದ ತಿಂಗಳು ಮೂಡಲಗಿಯ ಒಂದು ಖಾಸಗಿ ಶಾಲೆಗೆ ಕನ್ನಡ ಶಿಕ್ಷಕಿ ಬೇಕಾಗಿತ್ತು. ಶಾಲೆಯ ಚೇರ್ಮನ್ ಅಪ್ಪಾಸಾಹೇಬ ಕಾಕಾ ಬಟ್ಟೆ ಅಂಗಡಿಯವರು. ಮನೆಯಲ್ಲಿ ಮರಾಠಿ, ಗಲ್ಲಾದ ಮೇಲೆ ಕನ್ನಡ. "ನಾವು ಹಳೇ ಮಂದಿ, ನೀವು ಬರ್ರಿ ಸರ್. ಮನಸ್ಸು ನಮ್ಮಂಥಾದ್ದು, ವಿಚಾರ ಹೊಸಾದ್ದು, ಅಂಥವರನ್ನ ಆರಿಸಿ ಕೊಡ್ರಿ" ಎಂದು ಸಂದರ್ಶನಕ್ಕೆ ಕರೆದರು. ಹಳೇ ಮಂದಿಯ ನಡುವೆ ನಾನೊಬ್ಬ ಹೊಸ ವಿಚಾರದವನು ಎಂಬ ಹಿಗ್ಗಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ಹೋದೆ.

ಹುಕ್ಕೇರಿ ಕಡೆಯಿಂದ ಬಂದಿದ್ದ ಸುಜಾತಾ ಎಂಬವರು ಎಲ್ಲರಿಗಿಂತ ಚೆನ್ನಾಗಿ ಪಾಠ ಮಾಡಿ ತೋರಿಸಿದರು. ಶಾಲೆಗೆ ನಿಮ್ಮದೊಂದು ಹೊಸ ವಿಚಾರ ಹೇಳಿ ಎಂದೆ.

"ಹಾಜರಿ ಕರಿಯೂಮುಂದ ಅಡ್ಡಹೆಸರ ಬಿಡಬೇಕ್ರಿ ಸರ್. ಅದನ್ನ ಕೇಳೇ ಹುಡುಗ್ರು ಯಾರ ಬಾಜೂ ಕೂಡಬೇಕು, ಯಾರ ಬಾಜೂ ಕೂಡಬಾರದು ಅಂತ ಕಲೀತಾವ."

ನನ್ನ ಮೈ ಜುಮ್ಮೆಂದಿತು, ಖರೆ. ಭಾಳ ಚಲೋ ವಿಚಾರ ಎಂದು ಮೇಜು ತಟ್ಟಿದೆ. ಅದರ ಬೆನ್ನಿಗೇ, "ಅಂದಂಗ, ನಿಮ್ಮ ಅಡ್ಡಹೆಸರು ಏನ್ರಿ?" ಎಂದೆ.

ಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದುಬಿಟ್ಟಿತು. ತಾನಾಗಿ ಬಾಯಿಗೆ ಬರುವುದೇ ಮನಸ್ಸಿನಲ್ಲಿರುವುದು ಎಂದು ಮಕ್ಕಳನ್ನು ಎಷ್ಟು ಸಲ ಗದರಿಸಿದ್ದೆನೋ. ಈಗ ಅದನ್ನು ನೆನೆದರೆ ಊಟ ಸೇರುವುದಿಲ್ಲ.

ಅವರು ಹೇಳಿದರು. ಅದನ್ನಿಲ್ಲಿ ಬರೆಯುವುದಿಲ್ಲ, ಬರೆದರೆ ನೀವೂ ನನ್ನ ಹಾಗೆ ಕೂತಲ್ಲೇ ಅವರನ್ನು ಅವರ ಓಣಿಗೆ ಮುಟ್ಟಿಸಿ ಬರುತ್ತೀರಿ. ನಾನು "ಓಹೋ" ಎಂದೆ. ಆ ಓಹೋ ಸ್ವಲ್ಪ ಉದ್ದವಾಯಿತು. ಅವರು ಫೈಲು ಎತ್ತಿಕೊಂಡು ಎದ್ದರು. ಸಿಟ್ಟಿರಲಿಲ್ಲ, ರೂಢಿಯಾದವರ ಹಾಗೆ ಕೇಳಿದರು.

"ಹೊರಗ ಕೂಡ್ಲೇನ್ರಿ ಸರ್, ಊರಿಗೆ ಹೋಗ್ಲೇನ್ರಿ? ಇನ್ನೊಂದ ತಾಸಿಗೆ ಬಸ್ ಐತಿ."

ಕೂಡ್ರಿ ಎನ್ನುವ ಒಂದು ಮಾತು ಸಾಕಿತ್ತು. ನಾನೋ, ಬೇಡ ಎನ್ನುವುದಿದ್ದರೆ ಚೇರ್ಮನ್ನರೇ ಅನ್ನಲಿ, ಆ ಪಾಪ ಅವರಿಗೇ ಸುತ್ತಿಕೊಳ್ಳಲಿ ಎಂದು ಅವರ ಮುಖ ನೋಡಿದೆ. ಕಾಕಾ ನನ್ನ ಕಡೆ ತಿರುಗಲೂ ಇಲ್ಲ.

"ಕೂಡವಾ ತಂಗಿ. ಸೋಮವಾರದಿಂದ ಬರಾಕ ಆಗತೈತಿಲ್ಲೋ, ಅಷ್ಟ ಹೇಳು."

ನಾನಾಗ ತಲೆ ತಗ್ಗಿಸಿ ಮುಂದಿಟ್ಟಿದ್ದ ಚಹಾ ಊದುತ್ತಿದ್ದೆ. ಅದು ಯಾವಾಗಲೋ ಆರಿಹೋಗಿತ್ತು.