ಅಣ್ಣ ಕೇಳಿ ಹಾಕಿಕೊಂಡ ಎಲೆ ಅಡಿಕೆ

ನನ್ನ ಅಣ್ಣ ಚನ್ನಗಿರಿಯ ಒಂದು ಮಂಡಿಯಲ್ಲಿ ಅಡಿಕೆಯ ದರ್ಜೆ ನೋಡುವ ಕೆಲಸದಲ್ಲಿದ್ದ. ಚೀಲಕ್ಕೆ ಕೈ ಹಾಕಿ ಒಂದು ಅಡಿಕೆ ತೆಗೆದು, ಕಚ್ಚಿ, ಮಾಲು ಎಂಥದೆಂದು ಹೇಳಬೇಕು. ಕಚ್ಚಿದ್ದು ಬಾಯಲ್ಲೇ ಉಳಿಯುತ್ತಿತ್ತು. ಅದಕ್ಕೆ ಎಲೆ ಸುಣ್ಣವೂ ಸೇರುತ್ತಿತ್ತು. ಅವನ ತುಟಿ, ಟವೆಲು, ಅಂಗಿಯ ಎದೆ ಎಲ್ಲವೂ ಸದಾ ಕೆಂಪು.

ಎಂಬತ್ತರ ದಶಕದಲ್ಲಿ ಒಂದು ಬೇಸಿಗೆ ಅವನು ಮೊದಲ ಸಲ ರಕ್ತ ಕಾರಿಕೊಂಡಾಗ ಯಾರಿಗೂ ಗೊತ್ತಾಗದಿದ್ದುದು ಇದರಿಂದಲೇ. "ಟವೆಲು ಒಗೆದು ಒಗೆದು ನನ್ನ ಕೈ ಸವದೋದ್ವು, ಹೊರಗೆ ಉಗುಳಾಕೆ ಏನ್ ರೋಗ?" ಎಂದು ಅತ್ತಿಗೆ ಬೈದರು. ಅವನು ಬಚ್ಚಲಲ್ಲಿ ಕುಸಿದು ಬಿದ್ದ ಮೇಲೆಯೇ ದಾವಣಗೆರೆಗೆ ಒಯ್ದದ್ದು. ಅಲ್ಲಿ ಬಾಟಲಿಗಟ್ಟಲೆ ರಕ್ತ ಕೊಟ್ಟರು. ಹುಣ್ಣಿರಬೇಕೆಂದು ಹುಡುಕಿದರು, ಸಿಗಲಿಲ್ಲ. ಬೆಂಗಳೂರಿಗೆ ಕಳಿಸಿದರು.

ನಾನಾಗ ಜಗಳೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್. ರಜೆ ಹಾಕಿ ಜೊತೆಗೆ ಹೋದೆ. ಬೆಂಗಳೂರಿನ ವೈದ್ಯರು ತುದಿಯಲ್ಲಿ ದೀಪವಿದ್ದ ಕೊಳವೆಯನ್ನು ಬಾಯಿಂದ ಹೊಟ್ಟೆಗೆ ಇಳಿಸಿ ನೋಡಿದರು. ಹುಣ್ಣಿಲ್ಲ, ಗಡ್ಡೆಯಿಲ್ಲ. ಇರಬೇಕಾದುದಕ್ಕಿಂತ ದಪ್ಪವಾದ ಒಂದು ರಕ್ತನಾಳ ಹೊಟ್ಟೆಯ ಒಳಪದರಕ್ಕೆ ಒತ್ತಿಕೊಂಡು, ಸೂಜಿ ಮೊನೆಯಷ್ಟು ಜಾಗದಲ್ಲಿ ಬಾಯಿ ಬಿಟ್ಟಿತ್ತು. ಇದು ಬಹಳ ಅಪರೂಪ ಎಂದರು. ಅದೇ ಕೊಳವೆಯೊಳಗಿಂದ ಉದ್ದನೆಯ ಸೂಜಿ ತೂರಿಸಿ ಅದರ ಸುತ್ತ ಮದ್ದು ಚುಚ್ಚಿದರು. ರಕ್ತ ನಿಂತಿತು. ಹೊಟ್ಟೆ ಕೊಯ್ಯಲಿಲ್ಲ.

"ನಲ್ಲಿಗೆ ವಾಷರ್ ಹಾಕಿದಂಗೆ ಹಾಕಿಬಿಟ್ರಲ್ಲೇ," ಎಂದು ಅಣ್ಣ ನಕ್ಕ.

ವೈದ್ಯರು ನಗಲಿಲ್ಲ. "ಮತ್ತೆ ಬರಬಹುದು. ಬಂದರೆ ತಡ ಮಾಡಬೇಡಿ. ಎಲೆ ಅಡಿಕೆ ಬಿಡಿ. ಬಾಯಿ ಕೆಂಪಗಿದ್ದರೆ ರಕ್ತ ಬಂದದ್ದೇ ತಿಳಿಯೋದಿಲ್ಲ," ಎಂದರು.

ಊರಿಗೆ ಬಂದೊಡನೆ ನಾನು ಎಲೆ ಚೀಲ, ಸುಣ್ಣದ ಡಬ್ಬಿ, ಅಡಕತ್ತರಿ ಎಲ್ಲವನ್ನೂ ಅಟ್ಟಕ್ಕೇರಿಸಿದೆ. ಒಂದು ಬಿಳಿ ಪಿಂಗಾಣಿ ಬೇಸಿನ್ ತಂದು ಬಚ್ಚಲಲ್ಲಿಟ್ಟೆ. ಬಾಯಿ ಮುಕ್ಕಳಿಸುವುದೂ ಉಗುಳುವುದೂ ಅದರಲ್ಲೇ. ಅತ್ತಿಗೆ ನೋಡಿದ ಮೇಲೆಯೇ ಚೆಲ್ಲಬೇಕು. "ಮನೇನೂ ಹಾಸ್ಟೆಲ್ ಮಾಡಿದ್ಲು ನಮ್ಮ ತಂಗೆವ್ವ," ಎಂದು ಗೊಣಗಿದರೂ ಅಣ್ಣ ಪಾಲಿಸಿದ. ಮಂಡಿಯಲ್ಲಿ ಲೆಕ್ಕ ಬರೆಯುವ ಕಡೆಗೆ ಹೋದ. ಅವನ ಹಲ್ಲು ಬಿಳಿಯಾಗಿದ್ದನ್ನು ನಾನು ಕಂಡದ್ದು ಆ ವರ್ಷ ಮಾತ್ರ.

ಅವನಿಗೆ ಒಬ್ಬಳೇ ಮಗಳು. ರಕ್ತ ಕಾರಿದ ಸುದ್ದಿ ಹರಡಿ, ಅದು ಕ್ಷಯವಂತೆ, ಮನೆತನದ ರೋಗವಂತೆ ಎಂದಾಗಿ, ಹೊನ್ನಾಳಿಯ ಕಡೆಯ ಒಂದು ಸಂಬಂಧ ತಪ್ಪಿಹೋಯಿತು. ಕೊನೆಗೆ ನ್ಯಾಮತಿಯ ವ್ಯಾಪಾರಸ್ಥರೊಬ್ಬರು ತಮ್ಮ ಮಗನಿಗೆ ಒಪ್ಪಿದರು. ಎಲೆ ಅಡಿಕೆ ಶಾಸ್ತ್ರಕ್ಕೆ ಚನ್ನಗಿರಿಗೆ ಬಂದರು. ತಟ್ಟೆ ಬದಲಾಯಿಸಿದರೆ ಮಾತು ಮುಗಿದಂತೆ.

ಶಾಸ್ತ್ರವಾಗಿ ಊಟವಾಯಿತು. ಬೀಗರು ಎಲೆಗೆ ಸುಣ್ಣ ಹಚ್ಚುತ್ತಾ, "ಏನ್ರೀ, ಅಡಿಕೆ ಮಂಡಿಯೋರೇ ಅಡಿಕೆ ಬಿಟ್ಟೀರಂತೆ?" ಎಂದು ತಮಾಷೆ ಮಾಡಿದರು.

"ಮಗಳನ್ನ ಕೊಡೋ ದಿನ ಬಿಡಾಕೆ ಬರತೈತೇನ್ರೀ? ಕೊಡ್ರಿ ಇತ್ಲಾಗೆ," ಎಂದು ಅಣ್ಣ ತಾನೇ ಕೈ ಚಾಚಿದ.

ನಾನು ಅವನನ್ನೇ ನೋಡಿದೆ. ಅವನು ನನ್ನ ಕಡೆ ತಿರುಗಲಿಲ್ಲ. ಎರಡು ಸಲ ಹಾಕಿಕೊಂಡ. ಅತಿಥಿಗಳಿಗೆಂದು ಇಟ್ಟಿದ್ದ ಹಿತ್ತಾಳೆ ಪೀಕದಾನಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು, ಟವೆಲು ಅಡ್ಡ ಹಿಡಿದು ಮತ್ತೆ ಮತ್ತೆ ಉಗುಳಿದ. ಒಂದು ದಿನದ ಮಟ್ಟಿಗೆ ಹೋಗಲಿ ಎಂದು ಎಲ್ಲರೂ ಸುಮ್ಮನಿದ್ದೆವು. ಬೀಗರ ಕಾರು ಹೊರಟಾಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೈಮುಗಿದ.

ನಾನು ತೊಳೆಯಲೆಂದು ಪೀಕದಾನಿ ಎತ್ತಿದೆ. ಅದು ಭಾರವಾಗಿತ್ತು. ಬಗ್ಗಿಸಿದರೆ ಒಳಗಿನದು ಹರಿಯಲಿಲ್ಲ, ಗಟ್ಟಿಯಾಗಿ ಜಾರಿತು. ಎಲೆ ಅಡಿಕೆ ಉಗುಳು ಹೆಪ್ಪುಗಟ್ಟುವುದಿಲ್ಲ. ಬಚ್ಚಲಿನ ಬಿಳಿ ಬೇಸಿನ್ ಒಣಗಿಯೇ ಇತ್ತು.

ಬಾಡಿಗೆ ಕಾರು ಸಿಕ್ಕಿತು. ದಾವಣಗೆರೆಯಲ್ಲಿ ರಕ್ತ ಕೊಡಿಸಿ, ಅಲ್ಲಿಂದ ಬೆಂಗಳೂರಿನ ಆ ಕೊಳವೆಯ ಹತ್ತಿರ ಮುಟ್ಟಬೇಕು. ಅಣ್ಣನ ತಲೆ ನನ್ನ ತೊಡೆಯ ಮೇಲಿತ್ತು.

"ಬೆಳಿಗ್ಗೇನೇ ಶುರುವಾಗಿತ್ತು ಕಣೇ," ಎಂದ.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವರು ಹಂಗೇ ಎದ್ದು ಹೋಗ್ತಿದ್ರು." ನನ್ನ ಕೈ ಹಿಡಿದು, "ಕೂಸಿಗೆ ಇದು ತಿಳಿಯೋದು ಬ್ಯಾಡ," ಎಂದ.

ಸಂತೇಬೆನ್ನೂರು ದಾಟಿ ಸ್ವಲ್ಪ ದೂರದಲ್ಲಿ ಅವನ ಕೈ ತಣ್ಣಗಾಯಿತು. ಆಸ್ಪತ್ರೆಯವರು ಕಾರಿನಲ್ಲೇ ನೋಡಿ ತಲೆಯಾಡಿಸಿದರು.

ಮಣ್ಣು ಮಾಡಿದ ದಿನ ನ್ಯಾಮತಿಯ ಬೀಗರು ಬಂದರು. ಅತ್ತಿಗೆ ಮಗಳನ್ನು ಒಳಗೆ ಕಳಿಸಿ, ನನ್ನಿಂದ ತಿಳಿದದ್ದೆಲ್ಲವನ್ನೂ ಮುಚ್ಚಿಡದೆ ಹೇಳಿಬಿಟ್ಟರು. 

"ನಮಗೊಂದು ಮಾತು ಹೇಳಿದ್ರೆ ಆಗ್ತಿತ್ತಲ್ಲವ್ವಾ," ಎಂದರು ಬೀಗರು. "ಬಾಗಿಲಾಗೆ ನಮ್ಮ ಕಾರೇ ನಿಂತಿತ್ತಲ್ಲ."

ಮದುವೆ ಅದೇ ಹುಡುಗನೊಂದಿಗೆ ಆಯಿತು. ಅಣ್ಣ ಕಾರಿನಲ್ಲಿ ಹೇಳಿದ ಮಾತನ್ನು ನಾನು ಅವನ ಮಗಳಿಗೆ ಇಂದಿಗೂ ಹೇಳಿಲ್ಲ.