ಅಕ್ಕ ಬೇಡಿದ ನಿದ್ದೆ

ಬೇಸಿಗೆ ಬಂತೆಂದರೆ ಕೊಟ್ಟೂರಿನಲ್ಲಿ ನಮ್ಮಕ್ಕನ ಓಣಿಯ ಹೆಂಗಸರಿಗೆ ಶ್ಯಾವಿಗೆಯ ಕೆಲಸ. ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆ. ಯಾರ ಮನೆಯದೇ ಇರಲಿ, ಓಣಿಯವರೆಲ್ಲ ಹೋಗಿ ಕೂತು ಹೊಸೆದು ಕೊಡಬೇಕು. ಅದಕ್ಕೆ ಮುಯ್ಯಿ ಅನ್ನುತ್ತಾರೆ. ನೀನು ನನ್ನ ಮನೆಗೆ ಬಂದು ದುಡಿದರೆ ನಾನು ನಿನ್ನ ಮನೆಗೆ ಬಂದು ದುಡಿಯುತ್ತೇನೆ, ಅಷ್ಟೆ. ಬಿಸಿಲೇರಿದರೆ ಎಳೆ ಒಣಗಿ ತುಂಡಾಗುತ್ತದೆಂದು ಮಬ್ಬುಗತ್ತಲಲ್ಲೇ ಶುರು. ಎದುರು ಮನೆಯ ದೊಡ್ಡವ್ವ ಎಲ್ಲರಿಗಿಂತ ಹಿರಿಯಳು. ಅವಳು ಒಂದೊಂದೇ ಬಾಗಿಲು ಬಡಿಯುತ್ತಾ ಬರುತ್ತಿದ್ದಳು. "ಏಳ್ರವ್ವಾ, ಹಿಟ್ಟು ನೆನದೈತಿ."

ನಾನು ಹಗರಿಬೊಮ್ಮನಹಳ್ಳಿಯಲ್ಲಿ ಬ್ಲೌಸು ಹೊಲಿದು ಬದುಕುವವಳು. ಶ್ಯಾವಿಗೆಯ ದಿನಗಳಿಗೆ ಅಕ್ಕನ ಮನೆಗೆ ಹೋಗುವುದೇ ನನ್ನ ರಜೆ. ಅಲ್ಲಿಯೂ ದುಡಿಯುವುದೇ. ಊರು ಬದಲಾದರೆ ಅದನ್ನೇ ರಜೆ ಅಂದುಕೊಳ್ಳುವ ಜನ ನಾವು.

ಮಣೆಯ ಮೇಲೆ ಕೂತವಳು ಹೊಸೆಯುತ್ತಿದ್ದರೆ ಕೆಳಗೆ ಕೂತವಳು ಎಳೆ ಹಿಡಿದು ಕೋಲಿಗೆ ಹಾಕುವಳು. ಕೈಗೆ ಕೆಲಸ, ಬಾಯಿಗೆ ಬಿಡುವು. ಕೋಟಿ ರೂಪಾಯಿ ಬಂದರೆ ಏನು ಮಾಡ್ತಿ ಅನ್ನುವ ಮಾತು ಪ್ರತಿ ವರ್ಷ ಬಂದೇ ಬರುತ್ತಿತ್ತು. ದೊಡ್ಡವ್ವ ಹಲ್ಲು ಕಟ್ಟಿಸಿಕೊಂಡು ಮಂಡಕ್ಕಿ ಮಿರ್ಚಿ ತಿನ್ನುವವಳು. ಮೂಲೆಮನೆಯಾಕೆ ಗಂಡನನ್ನು ಕಾಶಿಗೆ ಕಳಿಸುವವಳು. "ನೀನು ಹೋಗಲ್ಲೇನು?" ಅಂದರೆ, "ನಾನೂ ಹೋದ್ರ ಕೋಟಿ ಬಂದು ಏನ್ ಸುಖ?" ಅನ್ನುತ್ತಿದ್ದಳು. ನಾನು ಹೊಲಿಗೆ ಮಷೀನನ್ನು ಹಂಪಸಾಗರದ ಹೊಳೆಗೆ ಎಸೆಯುವವಳು.

ಅಕ್ಕನದು ಮಾತ್ರ ಎಂದೂ ಬದಲಾಗಲಿಲ್ಲ. "ನನಗ ಏನೂ ಬ್ಯಾಡ. ಒಂದಿನ ಯಾರೂ ಎಬ್ಬಸದಂಗ ಮಲಗಬೇಕು. ಒಂದಿನಾನೂ ಮಲಗಾಕ ಬಿಡಲ್ಲ ನೀವು." ಎಮ್ಮೆ, ಅತ್ತೆ, ಮಕ್ಕಳು, ಬೆಳಗಿನ ನಲ್ಲಿ ನೀರು, ಇವುಗಳ ನಡುವೆ ಅವಳು ಕಣ್ತುಂಬ ಮಲಗಿದ್ದನ್ನು ನಾನಂತೂ ನೋಡಿರಲಿಲ್ಲ.

ಆಮೇಲೆ ಊರ ಹೊರಗೆ ದೊಡ್ಡ ರಸ್ತೆ ಬಂತು. ಭಾವನ ಕಲ್ಲುಹೊಲ, ಸಜ್ಜೆ ಕೂಡ ಮನಸ್ಸಿಲ್ಲದ ಮನಸ್ಸಿನಿಂದ ಬೆಳೆಯುತ್ತಿದ್ದ ಹೊಲ, ಸರಿಯಾಗಿ ಅದರ ನಡುವೆಯೇ ಹಾದುಹೋಯಿತು. ಪರಿಹಾರ ಬಂತು. ರಸ್ತೆಯ ಎರಡೂ ಬದಿ ಉಳಿದ ತುಂಡುಗಳನ್ನು ಬಂಕಿನವರು, ಡಾಬಾದವರು ಭಾವ ಕೇಳಿದ ಬೆಲೆಗೆ ಕೊಂಡರು. ಕಣ್ಣು ಮುಚ್ಚಿ ತೆರೆಯುವುದರೊಳಗೆ ನಮ್ಮಕ್ಕ ಶ್ರೀಮಂತಳಾದಳು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಅನ್ನುವ ಗಾದೆಯನ್ನು ಜನ ನನ್ನೆದುರೇ ಆಡಿದರು. ಸಿಟ್ಟು ಬಂದಿತ್ತು. ಅಕ್ಕ ಯಾವ ಕೊಡೆಯನ್ನೂ ಹಿಡಿಯಲಿಲ್ಲ. ಭಾವ ಕಾರು ತಂದರು, ಕೆಲಸವಿಲ್ಲದಿದ್ದರೂ ಹರಪನಹಳ್ಳಿಗೆ ಹೋಗಿ ಬರುತ್ತಿದ್ದರು, ಅಷ್ಟೆ. ಹಳೇ ಮನೆ ಕೆಡವಿ ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದರು. ಎಮ್ಮೆ ಮಾರಿದರು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದರು. ಅರಸೀಕೆರೆ ಕಡೆಯಿಂದ, ನಾವು ಕೇಳಿಯೇ ಇರದ ನೆಂಟರು ಬಂದು ಉಂಡು ಹೋದರು. ಅಕ್ಕ ಮಲಗಿದಳು. ಮೊದಲ ಕೆಲವು ದಿನ ಹೊತ್ತೇರುವ ತನಕ ಮಲಗಿದಳಂತೆ. ಫೋನಿನಲ್ಲಿ ಕೇಳಿ ನನಗೆ ನಿಜಕ್ಕೂ ಸಂತೋಷವಾಗಿತ್ತು.

ಅವಳು ಮಾಡಿದ ತಪ್ಪು ಒಂದೇ. ಆ ಬೇಸಿಗೆಯಲ್ಲಿ ದೊಡ್ಡವ್ವನ ಮನೆಯ ಶ್ಯಾವಿಗೆಯ ದಿನವೇ ಅವಳು ಟೈಲ್ಸ್ ಆರಿಸಲು ದಾವಣಗೆರೆಗೆ ಹೋಗಬೇಕಾಯಿತು. ಕೆಲಸ ನಿಲ್ಲಬಾರದೆಂದು ಕೂಲಿ ಕೊಟ್ಟು ತನ್ನ ಬದಲಿಗೆ ಒಬ್ಬ ಹೆಣ್ಣಾಳನ್ನು ಕಳಿಸಿದಳು. ದೊಡ್ಡವ್ವನ ಕೆಲಸವೂ ಆಯಿತು, ಬಡವಿಗೆ ಒಂದು ದಿನದ ಕೂಲಿಯೂ ಆಯಿತು ಅಂದುಕೊಂಡಳು. ಮುಯ್ಯಿಗೆ ಆಳು ಕಳಿಸುವುದಿಲ್ಲ. ಕಾಯಿಲೆಯಾದರೆ ಕಾಯಿಲೆ ಅನ್ನು, ಸತ್ತರೆ ಸತ್ತೆ ಅನ್ನು, ಆದರೆ ನಿನ್ನ ಜಾಗದಲ್ಲಿ ಕೂಲಿಯವಳನ್ನು ಕೂರಿಸಬೇಡ. ಇದು ಅಕ್ಕನಿಗೆ ಗೊತ್ತಿತ್ತು. ಹೇಗೋ ಮರೆತಿದ್ದಳು.

ಯಾರೂ ಜಗಳ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಮುಂದಿನ ಬೇಸಿಗೆಗೆ ನಾನು ಹೋದಾಗ ಅಕ್ಕ ಸೊರಗಿದ್ದಳು. ಹೊಸ ಮಂಚ, ತಣ್ಣನೆಯ ಕೋಣೆ. ಆದರೂ ನಿದ್ದೆ ಹತ್ತುವುದಿಲ್ಲ ಅಂದಳು. ಸಂಜೆ ಪಾತ್ರೆ ತೊಳೆಯುವವಳಿಂದ ತಿಳಿಯಿತು, ಮರುದಿನ ಮೂಲೆಮನೆಯಾಕೆಯ ಶ್ಯಾವಿಗೆ.

ಬೆಳಗಿನ ಜಾವ ನನಗೆ ಎಚ್ಚರವಾದಾಗ ಅಕ್ಕ ಹಾಸಿಗೆಯಲ್ಲಿರಲಿಲ್ಲ. ತಲೆ ಬಾಚಿ, ಹಳೇ ನೂಲಿನ ಸೀರೆ ಉಟ್ಟು, ಬಾಗಿಲ ಹಿಂದೆ ನೆಲದ ಮೇಲೆ ಕೂತಿದ್ದಳು. ಹೊರಗೆ ದೊಡ್ಡವ್ವನ ದನಿ. ಪಕ್ಕದ ಬಾಗಿಲು ಬಡಿದಳು. ನಮ್ಮದನ್ನು ದಾಟಿದಳು. ಆಚೆ ಮನೆಯದನ್ನು ಬಡಿದಳು.

"ಬಡೀಲಿಲ್ಲ ನೋಡು," ಅಂದಳು ಅಕ್ಕ.

ನನಗೆ ದೊಡ್ಡವ್ವನ ಮೇಲೆ, ಅಕ್ಕನ ಮೇಲೆ, ಆ ರಸ್ತೆಯ ಮೇಲೆ, ಎಲ್ಲದರ ಮೇಲೂ ರೇಗಿತು. "ನಡಿ. ಕರೀದಿದ್ರ ಬ್ಯಾಡ," ಅಂತ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೋದೆ.

ನಾವು ಅವಳ ಅಂಗಳಕ್ಕೆ ಕಾಲಿಟ್ಟದ್ದೇ ಮಾತು ನಿಂತಿತು. ಮೂಲೆಮನೆಯಾಕೆ ಎದ್ದು ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಳು, ಸೆರಗಿನಿಂದ ಒರೆಸಿದಳು. "ಕೂಡ್ರಿ. ಕೆಳಗ ಕೂತ್ರ ಸೀರಿ ಹೊಲಸಾಗ್ತೈತಿ." ನನಗೆ ಯಾರೂ ಕುರ್ಚಿ ಹಾಕಲಿಲ್ಲ. ಅಕ್ಕ ನಿಂತೇ ಇದ್ದಳು.

"ಆಳು ಕಳಿಸಬಾರದಿತ್ತು ದೊಡ್ಡವ್ವ. ತಪ್ಪಾತು," ಅಂದಳು.

ದೊಡ್ಡವ್ವ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ಇರ್ಲಿ ಬಿಡವ್ವ. ಪ್ರತಿ ವರ್ಷ ನಿದ್ದಿ ನಿದ್ದಿ ಅಂತಿದ್ದಿ. ದೇವ್ರು ಕೊಟ್ಟಾನ. ನಾವ್ಯಾಕ ಎಬ್ಬಸೋದು ಅಂತ ಬಿಟ್ವಿ."

ಚುಚ್ಚಿದಳೋ, ನಿಜವಾಗಿಯೇ ಹೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಕುರ್ಚಿಯ ಮೇಲೆ ಕೂತಳು. ಯಾರೂ ಅವಳ ಕೈಗೆ ಹಿಟ್ಟು ಕೊಡಲಿಲ್ಲ. ನಾನು ಕೆಳಗೆ ಕೂತು ಎಳೆ ಹಿಡಿದೆ. ಸ್ವಲ್ಪ ಹೊತ್ತಿಗೆ ಮಾತು ಮೆಲ್ಲಗೆ ಮತ್ತೆ ಶುರುವಾಯಿತು. ಯಾರದೋ ಸೊಸೆ, ಯಾರದೋ ಮೊಣಕಾಲು ನೋವು, ಕೂಡ್ಲಿಗಿ ಬಸ್ಸು. ತಿರುಗಿ ನೋಡಿದರೆ ಅಕ್ಕ ಕುರ್ಚಿಯಲ್ಲೇ ಕುತ್ತಿಗೆ ವಾಲಿಸಿ ಗಾಢವಾಗಿ ನಿದ್ದೆಹೋಗಿದ್ದಳು. ಬಾಯಿ ಅರ್ಧ ತೆರೆದಿತ್ತು.

ಮೂಲೆಮನೆಯಾಕೆ ನಕ್ಕಳು. ದೊಡ್ಡವ್ವ ಕಣ್ಣು ಕೆಕ್ಕರಿಸಿ ಸುಮ್ಮನಾಗಿಸಿದಳು. ಎಲ್ಲರೂ ದನಿ ತಗ್ಗಿಸಿದರು. ಹಾಗೇ ಕೆಲಸ ನಡೆಯಿತು. ಅಂಗಳಕ್ಕೆ ಬಿಸಿಲು ಬಂದು ಅಕ್ಕನ ಮುಖದ ಮೇಲೆ ಬಿದ್ದಾಗ ದೊಡ್ಡವ್ವ ನೆಲಕ್ಕೆ ಕೈಯೂರಿ ಎದ್ದಳು. ಹಿಟ್ಟು ಮೆತ್ತಿದ ಕೈಯಿಂದಲೇ ಅವಳ ಭುಜ ಹಿಡಿದು ಅಲುಗಿಸಿದಳು.

"ಏಳಬೇ. ಎಷ್ಟೊತ್ತು ಮಲಗ್ತಿ? ನಿನ್ನ ಪಾಲಿಂದು ಉಳದೈತಿ."

ಅಕ್ಕ ಗಾಬರಿಯಿಂದ ಕಣ್ಣು ಬಿಟ್ಟು ಎಲ್ಲರನ್ನೂ ನೋಡಿದಳು. ದೊಡ್ಡವ್ವ ಅವಳ ಕೈಗೆ ಹಿಟ್ಟಿನ ಉಂಡೆ ಇಟ್ಟಳು.

"ಒಂದಿನಾನೂ ಮಲಗಾಕ ಬಿಡಲ್ಲ ನೀವು," ಅಂತ ಗೊಣಗುತ್ತಾ ಅಕ್ಕ ಕುರ್ಚಿಯಿಂದ ಕೆಳಗಿಳಿದು ಕೂತಳು.