ಸೂತಕದ ಮನೆಯ ಮುಂದೆ ನಾಲ್ಕು ಗೆರೆ

ಮೊನ್ನೆ ರೇಷನ್ ಕಾರ್ಡ್ ಹುಡುಕುತ್ತ ನಮ್ಮ ಯಜಮಾನರ ಹಳೇ ಮಾತ್ರೆ ಡಬ್ಬಿ ತೆಗೆದೆ. ಮಾತ್ರೆ ಒಂದೂ ಉಳಿದಿರಲಿಲ್ಲ. ತಳದಲ್ಲಿ ಹೆಬ್ಬೆರಳುದ್ದದ ಸೀಮೆಸುಣ್ಣದ ತುಂಡಿತ್ತು. ಡ್ಯಾನ್ಸ್ ಮಿಸ್ ನೆನಪಾದರು... ರೇಷನ್ ಕಾರ್ಡ್ ಅಲ್ಲಿಗೇ ಮರೆತುಹೋಯಿತು.

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಬೀದಿಯಲ್ಲಿ ಅವರು ಹುಡುಗಿಯರಿಗೆ ಭರತನಾಟ್ಯ ಹೇಳಿಕೊಡುತ್ತಿದ್ದರು. ನಮ್ಮ ಯಜಮಾನರಿಗಿದ್ದ ಹಾಗೆ ಅವರ ತಂದೆಗೂ ಪಾರ್ಕಿನ್ಸನ್, ಅದೇ ನಡುಕದ ಕಾಯಿಲೆ, ಇತ್ತಂತೆ. ಅದಕ್ಕೇ ಶನಿವಾರ ಬೆಳಿಗ್ಗೆ ಆ ಕಾಯಿಲೆಯ ಐದಾರು ಜನರನ್ನು ಕುರ್ಚಿಯಲ್ಲಿ ಕೂರಿಸಿ, ಹಲಗೆಗೆ ಕೋಲು ಬಡಿದು ತಾಳ ಹಾಕುತ್ತ ಕೈಕಾಲು ಆಡಿಸುತ್ತಿದ್ದರು. ಈ ವಯಸ್ಸಲ್ಲಿ ಗಂಡಸು ಕುಣಿಯೋದೇ ಎಂದು ಯಜಮಾನರು ಮುಖ ಊದಿಸಿದ್ದು ಎರಡೇ ವಾರ. ಆಮೇಲೆ ಶುಕ್ರವಾರವೇ ಒಗೆದ ಅಂಗಿ ಕೇಳುತ್ತಿದ್ದರು.

ಅವರಿಗೆ ನಡುಕಕ್ಕಿಂತ ಹೊಸ್ತಿಲಿನ ಕಾಟ ದೊಡ್ಡದು. ಬಾಗಿಲ ಬಳಿ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತಿತ್ತು. ನಾನು ಕೈಹಿಡಿದು ಎಳೆದಷ್ಟೂ ಗಟ್ಟಿ. ದಿನಕ್ಕೆ ಹತ್ತು ಸಲ ಹೀಗೆ ನಿಂತೂ ನಿಂತೂ ಸಾಕಾಗಿ ಬೈದುಬಿಡುತ್ತಿದ್ದೆ. ಮಿಸ್ ಒಂದು ದಿನ ಮನೆಗೆ ಬಂದು, ಹೊಸ್ತಿಲ ಮುಂದೆ ರಂಗೋಲಿಯಲ್ಲಿ ನಾಲ್ಕು ಅಡ್ಡಗೆರೆ ಎಳೆಯಲು ಹೇಳಿದರು. ರಂಗೋಲಿ ತುಳಿಯಬಾರದೆಂದು ಬೆಳೆದ ಮನುಷ್ಯ. ಗೆರೆ ಕಂಡದ್ದೇ ಕಾಲೆತ್ತಿ ಒಂದೊಂದಾಗಿ ದಾಟಿ ಹೊರಗೆ ಹೋದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆಮೇಲೆ ಅರಕಲಗೂಡಿನಲ್ಲಿ ಯಜಮಾನರ ದೊಡ್ಡಪ್ಪ ತೀರಿಕೊಂಡರು. ಸೂತಕದಲ್ಲಿ ರಂಗೋಲಿ ಹಾಕುವಂತಿಲ್ಲವೆಂದು ಬಚ್ಚಲ ತನಕ ಎಲ್ಲ ಬಾಗಿಲಿಗೂ ಹಾಕಿದ್ದ ಗೆರೆಗಳನ್ನು ಒರೆಸಿಬಿಟ್ಟೆ. ನನ್ನ ಬುದ್ಧಿಗಿಷ್ಟು! ಮೂರನೇ ದಿನ ಬಚ್ಚಲ ಬಾಗಿಲಲ್ಲಿ ಕಾಲು ಕಿತ್ತಿಡಲಾಗದೆ ಮುಗ್ಗರಿಸಿ ಬಿದ್ದರು. ಮಣಿಕಟ್ಟು ಮುರಿಯಿತು.

ನೋಡಲು ಬಂದ ಮಿಸ್ ಬ್ಯಾಗಿನಿಂದ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟರು.

"ಸೂತಕ ರಂಗೋಲಿಗೆ ಕಣಕ್ಕ. ಗೆರೆಗೆ ಎಂಥ ಸೂತಕ?"

ಜೋರಾಗಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವತ್ತಿನಿಂದ ಆ ಸೀಮೆಸುಣ್ಣ ಮಾತ್ರೆ ಡಬ್ಬಿಯಲ್ಲೇ ಇತ್ತು. ಎಲ್ಲಿಗೆ ಹೋದರೂ ಡಬ್ಬಿ ಜೊತೆಗೇ.

ಎರಡು ವರ್ಷದ ಮೇಲೆ, ಎದೆನೋವು ಅಂತ ಮಲಗಿದ ಮಿಸ್ ಏಳಲಿಲ್ಲ. ನಮಗಿಂತ ಚಿಕ್ಕವರು...

"ನಾನು ಒಳಿಕ್ ಓಗಿ ಮುಖ ನೋಡ್ಬೇಕು ಕಣೆ," ಅಂದರು ಯಜಮಾನರು.

ಪಕ್ಕದ ಬೀದಿಗೂ ಆಟೋ ಮಾಡಿದೆ. ಇಳಿದು ನೋಡಿದರೆ, ಶನಿವಾರದವರೆಲ್ಲ ಮಿಸ್ ಮನೆ ಹೊಸ್ತಿಲ ಮುಂದೆ ನಿಂತಿದ್ದಾರೆ. ಒಬ್ಬರ ಕಾಲೂ ಏಳುತ್ತಿಲ್ಲ. ಹಿಂದಿದ್ದ ಜನ ಬೇಗ ಬೇಗ ಎಂದು ಅವಸರಪಡಿಸುತ್ತಿದ್ದರು. ಯಜಮಾನರೂ ಹೋಗಿ ಅವರ ಪಕ್ಕ ಹಾಗೇ ನಿಂತುಬಿಟ್ಟರು.

ಡಬ್ಬಿ ತೆಗೆದು ಬಗ್ಗಿದೆ. ಸಾವಿನ ಮನೆ ಬಾಗಿಲಿಗೆ ರಂಗೋಲಿ ಹಾಕ್ತೀಯಾ ಎಂದು ಒಬ್ಬ ಅಜ್ಜಿ ನನ್ನ ಕೈ ಹಿಡಿದರು.

"ರಂಗೋಲಿ ಅಲ್ಲ ಕಣಜ್ಜಿ, ಗೆರೆ."

ನಾಲ್ಕು ಎಳೆದೆ. ಯಜಮಾನರು ಕಾಲೆತ್ತಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಒಳಗೆ ಹೋದರು. ಒಳಗೆ ಮಿಸ್ ಕಾಲ ಬಳಿ ಅದೇ ಶನಿವಾರದ ಕುರ್ಚಿಗಳನ್ನು ಹಾಕಿದ್ದರು.

ಯಜಮಾನರು ಹೋಗಿ ಈಗ ಒಂದು ವರ್ಷವಾಯಿತು. ಶನಿವಾರದವರಿಗೆ ತಾಳ ಹಾಕುವವರು ಮತ್ತೆ ಯಾರೂ ಸಿಗಲಿಲ್ಲ. ನನಗೆ ಯಾರನ್ನೂ ಹಿಡಿದು ನಿಲ್ಲುವ ಕೆಲಸವಿಲ್ಲ, ಆದರೂ ಆ ಸುಸ್ತು ಮಾತ್ರ ಮೈಬಿಟ್ಟು ಹೋಗಿಲ್ಲ... ಸೀಮೆಸುಣ್ಣವನ್ನು ಡಬ್ಬಿಗೇ ಹಾಕಿ ಮುಚ್ಚಿದೆ. ಬಚ್ಚಲ ಬಾಗಿಲಲ್ಲಿ ಈಗ ಗೆರೆಯಿಲ್ಲ. ಆದರೂ ನಾನು ದಿನಾ ಅಲ್ಲಿ ಕಾಲೆತ್ತಿ ದಾಟುತ್ತೇನೆ.